ಸುಳಿಯ ಮೇಲೊಂದು ಕಣ್ಣು

ತೆಂಗಿನ ಮರದ ಕಾಯಿಲೆ ಹೆಚ್ಚಾಗಿ ತಲೆಯಲ್ಲಿ ಕಾಣಿಸಿಕೊಳ್ಳುತ್ತದೆ, ತೋಟದವರು ಬುಡದಲ್ಲಿ ನಿಂತಿರುತ್ತಾರೆ. ನಡುವೆ 50-60 ಅಡಿ ಕಾಂಡ. ನಮ್ಮ ತಿಪಟೂರು ಸೀಮೆಯ ಅರಳಗುಪ್ಪೆ, ಕರಡಿ, ಬಾಣಸಂದ್ರ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ಹಳೆಯ ತೋಟಗಳಲ್ಲಿ ಕತ್ತೆತ್ತಿ ನೋಡಿದರೆ ಕಾಣುವುದು ಗರಿಗಳ ಅಡಿಭಾಗ ಮಾತ್ರ. ಸುಳಿ ಹೇಗಿದೆ, ಮೇಲಿನ ಗರಿಗಳ ಬಣ್ಣ ಏನಾಗಿದೆ, ಹೊಂಬಾಳೆ ಎಷ್ಟು ಬಿಟ್ಟಿದೆ ಎಂದು ಹೇಳಬೇಕಾದವರು ಮರ ಹತ್ತುವವರು. ಅವರು ಈಗ ಸಿಗುವುದೇ ಕಷ್ಟ. ಸಿಕ್ಕರೂ ಕಾಯಿ ಕೆಡವಿ ಮುಂದಿನ ತೋಟಕ್ಕೆ ಹೋಗುವ ಆತುರದಲ್ಲಿರುತ್ತಾರೆ. ಹೀಗಾಗಿ ರೋಗ ಬಂದಿದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಗರಿಗಳು ಜೋತುಬಿದ್ದು, ಹರಳು ಉದುರಿ, ಒಂದು ವರ್ಷದ ಫಸಲು ಕೈಬಿಟ್ಟಿರುತ್ತದೆ.

ಡ್ರೋನ್ ಎಂಬ ಯಂತ್ರದ ಪರಿಚಯವನ್ನು ಇಲ್ಲಿಂದ ಶುರುಮಾಡಲು ಕಾರಣವಿದೆ. ಮದುವೆ ಮನೆಯಲ್ಲಿ ತಲೆಯ ಮೇಲೆ ಗುಂಯ್‌ಗುಡುವ ಕ್ಯಾಮೆರಾ ಎಂದು ಅದನ್ನು ಬಲ್ಲವರು ಬಹಳ. ಗಡಿಯಾಚೆ ಬಾಂಬು ಹಾಕುವ ಯಂತ್ರ ಎಂದು ಟಿವಿಯಲ್ಲಿ ನೋಡಿದವರೂ ಇದ್ದಾರೆ. ಈಚೆಗೆ ಔಷಧ ಸಿಂಪಡಿಸುವ ಯಂತ್ರ ಎಂದು ಮಾರಲು ಬರುವವರೂ ಇದ್ದಾರೆ. ನಾನು ಹೇಳಬೇಕೆಂದಿರುವುದು ಇಷ್ಟೇ: ತೆಂಗಿನ ಸೀಮೆಗೆ ಡ್ರೋನ್ ಮೊದಲು ಬೇಕಾಗಿರುವುದು ನೋಡುವುದಕ್ಕೆ, ಸಿಂಪಡಿಸುವ ಮಾತು ಆಮೇಲಿನದು. ಅದು ಏಕೆ ಎಂದು ತಿಳಿಯಬೇಕಾದರೆ ಯಂತ್ರ ಹೇಗೆ ಹಾರುತ್ತದೆ, ಅದನ್ನು ಮಾಡುವವರು ಯಾರು, ಅವರು ಯಾರಿಗಾಗಿ ಮಾಡುತ್ತಾರೆ ಎನ್ನುವುದನ್ನು ಸ್ವಲ್ಪ ಸಮಾಧಾನದಿಂದ ನೋಡಬೇಕು.

ಮೊದಲು ಹಾರಾಟ. ನೀವು ಹೆಚ್ಚಾಗಿ ಕಂಡಿರುವುದು ನಾಲ್ಕು ತೋಳಿನ ಡ್ರೋನ್. ಪ್ರತಿ ತೋಳಿನ ತುದಿಗೂ ಒಂದು ಮೋಟಾರು, ಒಂದು ರೆಕ್ಕೆಪಂಕ. ನಾಲ್ಕರಲ್ಲಿ ಎರಡು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿದರೆ ಇನ್ನೆರಡು ಎಡಕ್ಕೆ ತಿರುಗುತ್ತವೆ. ನಾಲ್ಕೂ ಒಂದೇ ಕಡೆಗೆ ತಿರುಗಿದ್ದರೆ ಇಡೀ ಯಂತ್ರವೇ ಎದುರು ದಿಕ್ಕಿಗೆ ಬುಗುರಿಯಾಡುತ್ತಿತ್ತು. ಎರಡೆರಡು ಎದುರುಬದುರಾಗಿ ತಿರುಗುವುದರಿಂದ ಆ ಸೆಳೆತ ಒಂದಕ್ಕೊಂದು ವಜಾ ಆಗುತ್ತದೆ. ನಾಲ್ಕೂ ಪಂಕಗಳ ವೇಗ ಒಟ್ಟಿಗೆ ಹೆಚ್ಚಿದರೆ ಯಂತ್ರ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಹಿಂದಿನ ಎರಡು ಸ್ವಲ್ಪ ಜೋರಾದರೆ ಮೂತಿ ತಗ್ಗಿ ಮುಂದಕ್ಕೆ ಸಾಗುತ್ತದೆ. ಬಲಕ್ಕೆ ತಿರುಗುವ ಜೋಡಿಗೂ ಎಡಕ್ಕೆ ತಿರುಗುವ ಜೋಡಿಗೂ ವೇಗದಲ್ಲಿ ವ್ಯತ್ಯಾಸ ಮಾಡಿದರೆ ನಿಂತಲ್ಲೇ ಮುಖ ತಿರುಗಿಸುತ್ತದೆ. ಬಾಲ, ಚುಕ್ಕಾಣಿ, ಗೇರು ಯಾವುದೂ ಬೇಡ. ನಾಲ್ಕು ಮೋಟಾರಿನ ವೇಗ ಹೊಂದಿಸುವುದೇ ಇಡೀ ವಿದ್ಯೆ.

ಆದರೆ ಆ ಹೊಂದಾಣಿಕೆ ಮನುಷ್ಯನ ಕೈಯಿಂದ ಆಗುವಂಥದ್ದಲ್ಲ. ಯಂತ್ರದ ಹೊಟ್ಟೆಯಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ನಿಯಂತ್ರಕವಿರುತ್ತದೆ. ವಾಲಿಕೆಯನ್ನೂ ಕುಲುಕನ್ನೂ ಅಳೆಯುವ ಸಂವೇದಕಗಳು ಸೆಕೆಂಡಿಗೆ ನೂರಾರು ಸಲ ಅದಕ್ಕೆ ಸುದ್ದಿ ಮುಟ್ಟಿಸುತ್ತವೆ, ಅದು ಅಷ್ಟೇ ಸಲ ಮೋಟಾರುಗಳ ವೇಗ ತಿದ್ದುತ್ತದೆ. ತಲೆಯ ಮೇಲೆ ತುಂಬಿದ ಬಿಂದಿಗೆ ಹೊತ್ತು ಬರುವ ಹೆಂಗಸಿನ ಕತ್ತು ತನಗೆ ತಾನೇ ಅತ್ತಿತ್ತ ಸರಿಹೊಂದುತ್ತದಲ್ಲ, ಅವಳ ಗಮನ ದಾರಿಯ ಮೇಲಿರುತ್ತದೆ, ಬಿಂದಿಗೆಯ ಮೇಲಲ್ಲ. ಡ್ರೋನ್ ಹಾರಿಸುವವರ ಸ್ಥಿತಿಯೂ ಅದೇ. ಅವರು ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ, ಬೀಳದಂತೆ ನೋಡಿಕೊಳ್ಳುವುದು ನಿಯಂತ್ರಕ. ಇದಕ್ಕೆ ಉಪಗ್ರಹಗಳಿಂದ ಸ್ಥಳ ತಿಳಿಸುವ ಜಿಪಿಎಸ್ ಸೇರಿದರೆ ಯಂತ್ರ ಗಾಳಿಯಲ್ಲೂ ಒಂದೇ ಕಡೆ ನಿಲ್ಲುತ್ತದೆ, ನಕ್ಷೆಯ ಮೇಲೆ ಗೆರೆ ಎಳೆದುಕೊಟ್ಟರೆ ಅದೇ ಗೆರೆಯಲ್ಲಿ ಹಾರುತ್ತದೆ, ಸಂಪರ್ಕ ಕಡಿದರೆ ಹೊರಟ ಜಾಗಕ್ಕೆ ವಾಪಸು ಬರುತ್ತದೆ.

ಇದರ ದೌರ್ಬಲ್ಯ ಬ್ಯಾಟರಿ. ನಾಲ್ಕು ಪಂಕದ ಯಂತ್ರ ಗಾಳಿಯಲ್ಲಿ ನಿಲ್ಲಲು ಪ್ರತಿ ಕ್ಷಣವೂ ತನ್ನ ಭಾರವನ್ನು ತಾನೇ ಎತ್ತಿಹಿಡಿಯಬೇಕು. ಸಣ್ಣ ಕ್ಯಾಮೆರಾ ಡ್ರೋನ್ ಅರ್ಧ ಗಂಟೆಯಷ್ಟು ಹಾರಬಹುದು. 10 ಲೀಟರ್ ಔಷಧ ಹೊತ್ತ ಕೃಷಿ ಡ್ರೋನ್ ಕಾಲು ಗಂಟೆಯೊಳಗೆ ಇಳಿಯಲೇಬೇಕು. ಆದ್ದರಿಂದ ಅದರ ಜೊತೆ ಬ್ಯಾಟರಿಗಳ ಜೋಡಿಗಳು, ಚಾರ್ಜರು, ಹಲವು ಸಲ ಒಂದು ಜನರೇಟರೂ ತೋಟಕ್ಕೆ ಬರಬೇಕು. ಬ್ಯಾಟರಿಗೆ ಆಯುಸ್ಸೂ ಇದೆ, ಕೆಲವು ನೂರು ಸಲ ಚಾರ್ಜ್ ಮಾಡಿದ ಮೇಲೆ ಬದಲಿಸಬೇಕು. ಕೊಳ್ಳುವವರು ಯಂತ್ರದ ಬೆಲೆ ಕೇಳುತ್ತಾರೆ, ಬ್ಯಾಟರಿಯ ಬೆಲೆ ಕೇಳುವುದನ್ನು ಮರೆಯುತ್ತಾರೆ. ವಿಮಾನದಂತೆ ಚಾಚಿದ ರೆಕ್ಕೆಯಿರುವ ಇನ್ನೊಂದು ಜಾತಿಯಿದೆ. ಅದನ್ನು ರೆಕ್ಕೆಯೇ ಎತ್ತಿಹಿಡಿಯುವುದರಿಂದ ಹೆಚ್ಚು ದೂರ ಹೋಗುತ್ತದೆ, ಆದರೆ ಒಂದೇ ಕಡೆ ನಿಲ್ಲಲಾರದು. ಎರಡರ ಗುಣವನ್ನೂ ಕೂಡಿಸಿದ, ನೇರವಾಗಿ ಮೇಲೆದ್ದು ಆಮೇಲೆ ರೆಕ್ಕೆಯ ಮೇಲೆ ಸಾಗುವ ಡ್ರೋನ್‌ಗಳೂ ಈಗ ಬಳಕೆಯಲ್ಲಿವೆ.

ಇನ್ನು ಮಾಡುವವರು. ಮಾನವರಹಿತ ವಿಮಾನ ನಮ್ಮ ನಾಡಿಗೆ ಹೊಸದೇನಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಬಂತು. 1959ರಲ್ಲಿ ರಕ್ಷಣಾ ಸಂಶೋಧನೆಗೆ ಸೇರಿದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಎಲ್ಲರೂ ಎಡಿಇ ಎಂದು ಕರೆಯುವುದು, ಶುರುವಾಯಿತು. ಪೈಲಟ್ ಇಲ್ಲದ ವಿಮಾನಗಳ ಕೆಲಸ ಈ ದೇಶದಲ್ಲಿ ಗಂಭೀರವಾಗಿ ನಡೆದದ್ದು ಅಲ್ಲಿ. ಅವರ ಲಕ್ಷ್ಯ ಎಂಬ ವಿಮಾನ ಯುದ್ಧಪಡೆಗಳ ಗುರಿ ಅಭ್ಯಾಸಕ್ಕೆ ಆಗಸದಲ್ಲಿ ಗುರಿಯನ್ನು ಎಳೆದುಕೊಂಡು ಹೋಗುತ್ತಿತ್ತು. ನಿಶಾಂತ್ ಎಂಬುದು ಸೇನೆಗೆ ಬೇಹುಗಾರಿಕೆಯ ಕಣ್ಣಾಗಬೇಕಿತ್ತು. ಲಾರಿಯ ಮೇಲಿನ ಹಳಿಯಿಂದ ಚಿಮ್ಮಿಸಿ ಹಾರಿಸುವುದು, ಪ್ಯಾರಾಚೂಟಿನಲ್ಲಿ ಇಳಿಸುವುದು ಅದರ ಕ್ರಮ. ಕೋಲಾರದ ಬಳಿ ಅದರ ಪರೀಕ್ಷೆಗಳು ನಡೆದವು. ಸೇನೆಗೆ ಕೊಟ್ಟ 4 ನಿಶಾಂತ್‌ಗಳೂ ಅಪಘಾತಕ್ಕೆ ಸಿಕ್ಕಿ 2015ರಲ್ಲಿ ಮುಂದಿನ ಖರೀದಿ ನಿಂತುಹೋಯಿತು.

ಮುಂದೆ ರುಸ್ತುಂ ಬಂತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್‌ಎಎಲ್‌ನ, ವಿಜ್ಞಾನಿ ರುಸ್ತುಂ ದಮಾನಿಯಾ ಅವರ ನೆನಪಿಗೆ ಇಟ್ಟ ಹೆಸರು ಅದು. ಅದರ ದೊಡ್ಡ ರೂಪವಾದ ರುಸ್ತುಂ-2, ಆಮೇಲೆ ತಪಸ್ ಎಂದು ಕರೆಸಿಕೊಂಡದ್ದು, 2016ರ ನವೆಂಬರಿನಲ್ಲಿ ಚಳ್ಳಕೆರೆಯ ಬಳಿ ಮೊದಲ ಸಲ ಹಾರಿತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ 20 ಮೀಟರಿಗೂ ಹೆಚ್ಚು. ಒಂದೇ ಹಾರಾಟದಲ್ಲಿ 24 ಗಂಟೆ, 30,000 ಅಡಿ ಎತ್ತರ ಎಂಬುದು ಅದಕ್ಕೆ ಇಟ್ಟ ಗುರಿ. 28,000 ಅಡಿಯವರೆಗೂ 18 ಗಂಟೆಯವರೆಗೂ ಮುಟ್ಟಿ ಅದು ಅಲ್ಲಿಗೇ ನಿಂತಿತು. ನಮ್ಮ ಹುಳಿಯಾರು ದಾಟಿ ಹಿರಿಯೂರಿನ ಕಡೆ ಹೋಗುವವರಿಗೆ 2023ರ ಆಗಸ್ಟ್ ನೆನಪಿರಬಹುದು: ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಪರೀಕ್ಷೆಯಲ್ಲಿದ್ದ ತಪಸ್ ಒಂದು ಬಂದು ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಸುತ್ತಲಿನ ಜನ ಓಡಿಬಂದು ನೋಡಿದರು. ಅಷ್ಟು ದೊಡ್ಡ ಯಂತ್ರವನ್ನು ಹತ್ತಿರದಿಂದ ಕಂಡ ಹಳ್ಳಿಯವರು ಈ ದೇಶದಲ್ಲಿ ವಿರಳ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಚಳ್ಳಕೆರೆ ಬಳಿಯ ಆ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು, ವಿಸ್ತಾರ 4,000 ಎಕರೆಗೂ ಹೆಚ್ಚು. ಅದು ಮುಂಚೆ ಅಮೃತಮಹಲ್ ಕಾವಲು, ದನ ಕುರಿ ಮೇಯುವ ಹುಲ್ಲುಗಾವಲು. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರುವುದೂ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯಲ್ಲಿ. ಹಾರುವ ಯಂತ್ರಕ್ಕೆ ಜನವಸತಿಯಿಲ್ಲದ ಬಯಲು ಬೇಕು, ಬಯಲು ಎಂದರೆ ನಮ್ಮಲ್ಲಿ ಕಾವಲು. ಚಳ್ಳಕೆರೆಯ ಕುರಿಗಾಹಿಗಳು ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಈ ಉದ್ಯಮ ಬೆಳೆಯಲಿ ಎಂದು ಬಯಸುವ ನಾನು, ಅದರ ಬೆಲೆಯಲ್ಲಿ ಒಂದು ಪಾಲು ಮೇವಿನ ರೂಪದಲ್ಲಿ ಸಂದಿದೆ ಎನ್ನುವುದನ್ನು ಹೇಳಿಯೇ ಮುಂದುವರಿಸುತ್ತೇನೆ.

ಸರ್ಕಾರಿ ಪ್ರಯೋಗಾಲಯಗಳ ನೆರಳಿನಲ್ಲಿ ಖಾಸಗಿ ಕಂಪನಿಗಳು ಹುಟ್ಟಿದವು. ಆಸ್ಟೇರಿಯಾ ಏರೋಸ್ಪೇಸ್ 2011ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು, ನೀಲ್ ಮೆಹ್ತಾ ಮತ್ತು ನಿಹಾರ್ ವರ್ತಕ್ ಅದರ ಸ್ಥಾಪಕರು. 2019ರಲ್ಲಿ ರಿಲಯನ್ಸ್ ಸಮೂಹ ಅದರ ಬಹುಪಾಲು ಷೇರು ಕೊಂಡಿತು. ಕಣ್ಗಾವಲು ಮತ್ತು ಸಮೀಕ್ಷೆಯ ಡ್ರೋನ್‌ಗಳು ಅವರ ಕೆಲಸ. ನ್ಯೂಸ್ಪೇಸ್ ರಿಸರ್ಚ್ ಎಂಬ ಇನ್ನೊಂದು ಬೆಂಗಳೂರು ಕಂಪನಿಯನ್ನು ಕಟ್ಟಿದವರಲ್ಲಿ ವಾಯುಪಡೆಯ ಯುದ್ಧವಿಮಾನ ಪೈಲಟ್ ಆಗಿದ್ದ ಸಮೀರ್ ಜೋಶಿ ಒಬ್ಬರು. ಹತ್ತಾರು ಡ್ರೋನ್ ಒಂದಕ್ಕೊಂದು ಮಾತಾಡಿಕೊಂಡು ಗುಂಪಾಗಿ ಹಾರುವ ವಿದ್ಯೆ ಅವರದು. ಸ್ಕೈಲಾರ್ಕ್ ಡ್ರೋನ್ಸ್ ಗಣಿ, ಹೆದ್ದಾರಿ, ಸೌರ ವಿದ್ಯುತ್ ಘಟಕಗಳ ನಕ್ಷೆ ಮಾಡುವುದರಲ್ಲಿ ಹೆಸರು ಮಾಡಿದೆ. ಥ್ರಾಟಲ್ ಏರೋಸ್ಪೇಸ್ 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ, ಹಾರಿಸುವವರ ಕಣ್ಣಳತೆ ಮೀರಿ ಡ್ರೋನ್‌ನಲ್ಲಿ ಔಷಧ ಸಾಗಿಸುವ ಪ್ರಯೋಗ ನಡೆಸಿತು. ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ಬೆಳೆದ ಜನರಲ್ ಏರೋನಾಟಿಕ್ಸ್ ಕೃಷಕ್ ಎಂಬ ಸಿಂಪಡಣೆ ಡ್ರೋನ್ ಮಾಡುತ್ತದೆ. ಅದರ ಅರ್ಧ ಪಾಲು ಕೊಳ್ಳುವುದಾಗಿ ಅದಾನಿ ಸಮೂಹ 2022ರಲ್ಲಿ ಪ್ರಕಟಿಸಿತು. ಬೆಂಗಳೂರಿನ ಆಲ್ಫಾ ಡಿಸೈನ್, ಇಸ್ರೇಲಿನ ಎಲ್ಬಿಟ್ ಜೊತೆಗೂಡಿ ಮಾಡುವ ಸ್ಕೈಸ್ಟ್ರೈಕರ್ ಎಂಬುದು ಗುರಿಯ ಮೇಲೆ ಸುತ್ತಾಡಿ ಎರಗುವ ಆಯುಧ. 2025ರ ಮೇ ತಿಂಗಳ ಭಾರತದ ಸೇನಾ ಕಾರ್ಯಾಚರಣೆಯ ಸುದ್ದಿಯಲ್ಲಿ ಅದರ ಹೆಸರು ಬಂದಿತ್ತು. ರಾಜ್ಯದ ಹೊರಗೆ ಮುಂಬೈಯ ಐಡಿಯಾಫೋರ್ಜ್, ಚೆನ್ನೈನ ಗರುಡ ಮತ್ತು ದಕ್ಷ, ಹೈದರಾಬಾದಿನ ಮಾರುತ್, ಗುರುಗ್ರಾಮದ ಐಒಟೆಕ್‌ವರ್ಲ್ಡ್ ಎಂಬ ಹೆಸರುಗಳನ್ನು ನೀವು ಕೇಳುತ್ತೀರಿ. ಕೃಷಿಮೇಳಗಳಲ್ಲಿ ಎದುರಾಗುವುದು ಹೆಚ್ಚಾಗಿ ಈ ಕೊನೆಯ ನಾಲ್ಕು.

ಇವರೆಲ್ಲರ ಮೇಲೂ ಒಂದು ದೊಡ್ಡ ನೆರಳಿದೆ. ಅದು ಚೀನಾದ ಶೆನ್‌ಜೆನ್ ನಗರದಲ್ಲಿ 2006ರಲ್ಲಿ ಹುಟ್ಟಿದ ಡಿಜೆಐ. ಜಗತ್ತಿನ ಕ್ಯಾಮೆರಾ ಡ್ರೋನ್ ಮಾರುಕಟ್ಟೆಯ ಬಹುಪಾಲು ಅದರ ಕೈಯಲ್ಲಿದೆ. ನಮ್ಮ ಮದುವೆ ಫೋಟೋಗ್ರಾಫರುಗಳು ಬಳಸುವುದೂ ಹೆಚ್ಚಾಗಿ ಅದನ್ನೇ. ಭಾರತ ಸರ್ಕಾರ 2022ರ ಫೆಬ್ರವರಿಯಲ್ಲಿ ಹೊರದೇಶದಿಂದ ಸಿದ್ಧ ಡ್ರೋನ್ ತರಿಸುವುದನ್ನು ನಿಷೇಧಿಸಿತು, ಬಿಡಿಭಾಗ ತರಿಸಲು ಬಿಟ್ಟಿತು. ಅದರಿಂದ ಇಲ್ಲಿನ ಕಂಪನಿಗಳಿಗೆ ಉಸಿರಾಡಲು ಜಾಗ ಸಿಕ್ಕಿತು. ಆದರೆ ಮೋಟಾರು, ಬ್ಯಾಟರಿ ಕೋಶ, ಚಿಪ್‌ಗಳು ಬಹಳ ಮಟ್ಟಿಗೆ ಈಗಲೂ ಚೀನಾದಿಂದಲೇ ಬರುತ್ತವೆ. ಚೀನಾದ ಭಾಗಗಳಿವೆ ಎಂಬ ಕಾರಣಕ್ಕೆ 2025ರ ಆರಂಭದಲ್ಲಿ ಸೇನೆ 400 ಡ್ರೋನ್‌ಗಳ ಒಪ್ಪಂದಗಳನ್ನೇ ಕೈಬಿಟ್ಟಿತು. ದೇಶದಲ್ಲೇ ಜೋಡಿಸುವುದಕ್ಕೂ ದೇಶದಲ್ಲೇ ಮಾಡುವುದಕ್ಕೂ ವ್ಯತ್ಯಾಸವಿದೆ. ಪೀಣ್ಯದ ಲೇತು ಯಂತ್ರಗಳಲ್ಲಿ ಕೈಪಳಗಿದ ನಮ್ಮ ಜಿಲ್ಲೆಯ ಹುಡುಗರಿಗೆ ಆ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಈ ಎಲ್ಲ ಪ್ರಯೋಗಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಯುದ್ಧದ್ದಲ್ಲ. 2021ರ ನವೆಂಬರ್ 13ರಂದು ಎನ್‌ಎಎಲ್ ತಯಾರಿಸಿದ ಎಂಟು ಪಂಕದ ಡ್ರೋನ್ ಆನೇಕಲ್ ತಾಲ್ಲೂಕಿನ ಚಂದಾಪುರ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಯ ಆರೋಗ್ಯ ಕೇಂದ್ರಕ್ಕೆ 50 ಸೀಸೆ ಕೋವಿಡ್ ಲಸಿಕೆ ತಲುಪಿಸಿತು. ಸುಮಾರು 7 ಕಿಲೋಮೀಟರ್ ದೂರಕ್ಕೆ 10 ನಿಮಿಷ. ಲಸಿಕೆ ಇಳಿಸಿ ಹಿಂದಿರುಗುವ ಒಟ್ಟು ಕೆಲಸ 20 ನಿಮಿಷದಲ್ಲಿ ಮುಗಿಯಿತು, ರಸ್ತೆಯಲ್ಲಾದರೆ 40 ನಿಮಿಷ ಹಿಡಿಯುತ್ತಿತ್ತು. ರಾತ್ರಿ ಹೊತ್ತು ಹಾವು ಕಚ್ಚಿದವರಿಗೆ ಔಷಧ ಹುಡುಕಿಕೊಂಡು ತಾಲ್ಲೂಕು ಕೇಂದ್ರಕ್ಕೆ ಓಡುವ ನಮ್ಮ ಹಳ್ಳಿಗಳಿಗೆ ಆ ಹತ್ತು ನಿಮಿಷದ ಬೆಲೆ ಗೊತ್ತು.

ಈಗ ತೋಟಕ್ಕೆ ಬರೋಣ.

ಸಿಂಪಡಣೆ ಡ್ರೋನ್ ಹುಟ್ಟಿದ್ದು ಬಯಲು ಬೆಳೆಗೆ. ಗದ್ದೆಯ ಭತ್ತ, ಕಲಬುರಗಿಯ ತೊಗರಿ, ಮೆಕ್ಕೆಜೋಳ ಇವೆಲ್ಲ ಸಮತಟ್ಟಾಗಿ ಹಾಸಿಕೊಂಡ ಬೆಳೆಗಳು. ಪೈರಿನ ತಲೆಯಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಯಂತ್ರ ಸಾಲಾಗಿ ಹೋಗಿಬರುತ್ತದೆ. ಕೈಪಂಪಿನಲ್ಲಿ ಎಕರೆಗೆ 100 ಲೀಟರಿಗೂ ಮೀರಿ ನೀರು ಬೇಕಾಗುವ ಕಡೆ ಡ್ರೋನ್‌ಗೆ 10 ಲೀಟರ್ ಸಾಕು, ಎಕರೆಗೆ ಹತ್ತು ನಿಮಿಷವೂ ಬೇಡ. ಬೆನ್ನಿಗೆ ಡಬ್ಬ ಕಟ್ಟಿಕೊಂಡು ವಿಷ ಉಸಿರಾಡುವ ಕೂಲಿಯವರ ಪಾಡು ತಪ್ಪುತ್ತದೆ. ಅಲ್ಲಿ ಈ ಯಂತ್ರ ನಿಜವಾಗಿ ಉಪಕಾರಿ.

ತೆಂಗಿನ ತೋಟದ ಲೆಕ್ಕ ಬೇರೆ. ಮರದಿಂದ ಮರಕ್ಕೆ 30 ಅಡಿ ಅಂತರ. ಒಂದೇ ತೋಟದಲ್ಲಿ ಅಜ್ಜ ನೆಟ್ಟ 60 ಅಡಿ ಮರವೂ ಮೊನ್ನೆ ನೆಟ್ಟ 10 ಅಡಿ ಸಸಿಯೂ ಪಕ್ಕಪಕ್ಕದಲ್ಲಿರುತ್ತವೆ, ನಡುವೆ ಅಡಿಕೆ, ಬಾಳೆ, ಹುರುಳಿ. ಬಯಲಿನಲ್ಲಿ ಹಾರಿದಂತೆ ಇಲ್ಲಿ ಸಾಲು ಹಿಡಿದು ಹಾರಿದರೆ ಔಷಧದ ಬಹುಪಾಲು ಬೀಳುವುದು ಮರದ ಮೇಲಲ್ಲ, ಮರಗಳ ನಡುವಿನ ಖಾಲಿಯ ಮೇಲೆ, ಅಂದರೆ ಮಣ್ಣು, ಮೇವು, ಕಟ್ಟಿಹಾಕಿದ ಎಮ್ಮೆಯ ಮೇಲೆ. ಕಡಿಮೆ ನೀರಿನಲ್ಲಿ ಅಷ್ಟೇ ಔಷಧ ಕಲಸುವುದರಿಂದ ಹನಿಯ ಖಾರವೂ ಹೆಚ್ಚು. ಅಷ್ಟು ಎತ್ತರದಿಂದ ಸಣ್ಣ ಹನಿ ಗಾಳಿಗೆ ಸಿಕ್ಕರೆ ಪಕ್ಕದವರ ಹಿಪ್ಪುನೇರಳೆಗೆ ಹೋಗಿ ಕೂರುತ್ತದೆ. ರೇಷ್ಮೆ ಹುಳು ಸಾಕುವವರಿಗೆ ಅದು ಸರ್ವನಾಶ. ಒಂದೊಂದು ಮರದ ತಲೆಯ ಮೇಲೆ ನಿಂತು ಅದಕ್ಕಷ್ಟೇ ಸಿಂಪಡಿಸುವ ಡ್ರೋನ್‌ಗಳಿವೆ, ಆದರೆ ಹಾಗೆ ನಿಂತು ನಿಂತು ಹೋಗುವಾಗ ಬ್ಯಾಟರಿ ಬೇಗ ಬರಿದಾಗುತ್ತದೆ.

ಇಷ್ಟೇ ಆಗಿದ್ದರೆ ಯಂತ್ರ ಸುಧಾರಿಸಿದಂತೆ ಸರಿಹೋಗುತ್ತದೆ ಎನ್ನಬಹುದಿತ್ತು. ನಿಜವಾದ ತೊಡಕು ನಮ್ಮ ಕೀಟಗಳದು. ನಮ್ಮ ತೋಟಗಳನ್ನು ಕಾಡುವ ಮೂವರನ್ನು ನೋಡಿ. ಕಪ್ಪುತಲೆ ಹುಳು ಗರಿಯ ಅಡಿಯಲ್ಲಿ ಹಿಕ್ಕೆ ಮತ್ತು ನೂಲಿನಿಂದ ಗೂಡು ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ. ಮೇಲಿನಿಂದ ಬಿದ್ದ ಹನಿ ಅದನ್ನು ಮುಟ್ಟುವುದು ಕಷ್ಟ. ಅದಕ್ಕೆ ತೋಟಗಾರಿಕೆ ಇಲಾಖೆ ಪ್ರಯೋಗಾಲಯದಲ್ಲಿ ಬೆಳೆಸಿ ಕೊಡುವ ಗೋನಿಯೋಜಸ್ ಎಂಬ ಪುಟ್ಟ ಪರಾವಲಂಬಿ ಕಣಜವೇ ಬಹುಕಾಲದ ಪರಿಹಾರ. ಅದು ಹುಳುವನ್ನು ಹುಡುಕಿ ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ತೋಟದ ಮೇಲೆ ವಿಷ ಸುರಿದರೆ ಮೊದಲು ಸಾಯುವುದು ಈ ಕಣಜ. ಎರಡನೆಯದು ನುಸಿ. 1998ರಲ್ಲಿ ಕೇರಳದಲ್ಲಿ ಕಂಡು ಮುಂದಿನ ವರ್ಷಗಳಲ್ಲಿ ನಮ್ಮ ಸೀಮೆಯನ್ನು ಹಿಂಡಿಹಾಕಿದ್ದನ್ನು ಹಿರಿಯರು ಮರೆತಿಲ್ಲ. ಅದು ಅಡಗುವುದು ಎಳೆಗಾಯಿಯ ತೊಟ್ಟಿನ ಕವಚದ ಒಳಗೆ. ಗರಿಗಳ ಕೊಡೆಯನ್ನು ದಾಟಿ, ಗೊನೆಗೆ ತಲುಪಿ, ಕವಚದೊಳಗೆ ಹೋಗುವ ಹನಿಯನ್ನು ಯಾವ ಡ್ರೋನ್ ಹಾಕೀತು? ಮೂರನೆಯದು ರುಗೋಸ್ ಸುರುಳಿ ಬಿಳಿನೊಣ, 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ಕಡೆ ಮೊದಲು ಪತ್ತೆಯಾದದ್ದು. ಇದಕ್ಕೆ ಕೀಟನಾಶಕ ಹೊಡೆಯಬೇಡಿ ಎಂದೇ ತಜ್ಞರು ಹೇಳುತ್ತಾರೆ. ಎನ್‌ಕಾರ್ಸಿಯಾ ಎಂಬ ಕಣಜ ತಾನಾಗಿ ಬಂದು ಅದನ್ನು ಹತೋಟಿಗೆ ತರುತ್ತದೆ, ವಿಷ ಹೊಡೆದರೆ ಕಣಜ ಸತ್ತು ನೊಣ ಉಳಿಯುತ್ತದೆ.

ನೋಡುವ ಕೆಲಸಕ್ಕೆ ಬಂದರೆ ಇವೇ ಕೀಟಗಳ ಮುಂದೆ ಡ್ರೋನ್ ತನ್ನ ನಿಜವಾದ ಬೆಲೆ ತೋರಿಸುತ್ತದೆ. ಬಿಳಿನೊಣ ಗರಿಯ ಅಡಿಯಲ್ಲಿ ಕೂತು ಸಿಹಿ ಅಂಟು ಸೋರಿಸುತ್ತದೆ. ಅದು ಕೆಳಗಿನ ಗರಿಗಳ ಮೇಲ್ಮೈಗೆ ಬಿದ್ದು ಕಪ್ಪು ಬೂಷ್ಟು ಬೆಳೆಯುತ್ತದೆ. ನೆಲದಲ್ಲಿ ನಿಂತವರಿಗೆ ಮರೆಯಾದ ಆ ಕಪ್ಪು, ಓರೆಯಾಗಿ ಇಳಿದು ನೋಡುವ ಡ್ರೋನ್‌ಗೆ ಎದ್ದು ಕಾಣುತ್ತದೆ. ಕಪ್ಪುತಲೆ ಹುಳು ಮೇಯ್ದ ಗರಿ ಒಣಗಿ ಸುಟ್ಟಂತಾಗುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅಂಥ ಮರಗಳು ಕಂದು ಬಣ್ಣದಲ್ಲಿ ಬೇರೆಯಾಗಿ ನಿಲ್ಲುತ್ತವೆ, ಹುಳು ಯಾವ ಕಡೆಯಿಂದ ಹರಡುತ್ತಿದೆ ಎಂಬುದೂ ತಿಳಿಯುತ್ತದೆ. ಬರಿಗಣ್ಣಿಗೆ ಕಾಣುವ ಮೊದಲೇ ತಿಳಿಯುವ ಉಪಾಯವೂ ಇದೆ. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಸೊರಗಿದ ಎಲೆಯಲ್ಲಿ ಈ ಎರಡರ ನಡುವಿನ ಅಂತರ ಕಡಿಮೆಯಾಗುತ್ತದೆ. ಎರಡನ್ನೂ ಅಳೆಯುವ ಕ್ಯಾಮೆರಾ ಹೊತ್ತ ಡ್ರೋನ್ ಪ್ರತಿ ಮರಕ್ಕೂ ಒಂದು ಅಂಕಿ ಕೊಡಬಲ್ಲದು.

ಆದರೆ ಆ ಅಂಕಿ ಕಾರಣ ಹೇಳುವುದಿಲ್ಲ. ನೀರು ಸಾಲದ ಮರ, ಬೇರು ಕೊಳೆಸುವ ಅಣಬೆ ರೋಗದ ಮರ, ಹುಳು ತಿಂದ ಮರ ಮೂರೂ ಚಿತ್ರದಲ್ಲಿ ಒಂದೇ ರೀತಿ ಸೊರಗಿ ಕಾಣಬಹುದು. ಅಣಬೆ ರೋಗವಾದರೆ ಬುಡದಲ್ಲಿ ಕಂದು ಅಂಟು ಸೋರುತ್ತಿರುತ್ತದೆ, ಅದನ್ನು ನೋಡಲು ನೀವೇ ಬುಡಕ್ಕೆ ಹೋಗಬೇಕು. ಐನೂರು ಮರದಲ್ಲಿ ಯಾವ ಇಪ್ಪತ್ತು ಮರದ ಬಳಿಗೆ ಹೋಗಬೇಕು ಎಂದು ಹೇಳುವುದು ಡ್ರೋನ್‌ನ ಕೆಲಸ. ರೋಗ ಇಂಥದೇ ಎಂದು ತೀರ್ಮಾನಿಸುವುದು ಬೆಳೆಗಾರನದು, ತಿಪಟೂರು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆಯ ತಜ್ಞರದು.

ನೋಡುವುದರ ಆಚೆಗೂ ಡ್ರೋನ್‌ಗೆ ಒಂದು ಕೆಲಸವಿದೆ. ಯೂರೋಪಿನಲ್ಲಿ ಮೆಕ್ಕೆಜೋಳದ ಹೊಲಗಳಿಗೆ ಟ್ರೈಕೋಗ್ರಾಮ ಎಂಬ ಪರಾವಲಂಬಿ ಕಣಜವನ್ನು ಡ್ರೋನ್‌ಗಳಿಂದ ಉದುರಿಸುತ್ತಾರೆ. ವಿಷದ ಬದಲು ಕಣಜ! ಗೋನಿಯೋಜಸ್ ಅನ್ನು ತೆಂಗಿನ ಸುಳಿಗೇ ಒಯ್ದು ಬಿಡುವ ಡ್ರೋನ್ ಒಂದನ್ನು ನಮ್ಮ ಕಂಪನಿಗಳು ಮನಸ್ಸಿಟ್ಟು ಮಾಡಿದರೆ, 10 ಲೀಟರ್ ಟ್ಯಾಂಕು ಹೊರುವ ಯಂತ್ರವೂ ಬೇಡ, ಕೆಲವೇ ಗ್ರಾಂ ತೂಕ ಒಯ್ಯುವ ಪುಟ್ಟ ಯಂತ್ರ ಸಾಕು. ಕಂಪನಿಗಳು ಭತ್ತಕ್ಕಾಗಿ ಮಾಡಿದ್ದನ್ನು ತೆಂಗಿಗೆ ಮಾರುವುದನ್ನು ಬಿಟ್ಟು, ತೆಂಗು ಏನು ಕೇಳುತ್ತಿದೆ ಎಂದು ಬಂದು ನೋಡಬೇಕು. ತಿಪಟೂರಿನ ಕಲ್ಪತರು ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಹುಡುಕಬೇಕಾಗಿಲ್ಲ.

ನೋಡುವ ಕೆಲಸವನ್ನು ಡ್ರೋನ್ ನಮ್ಮ ನಾಡಿನಲ್ಲಿ ಆಗಲೇ ಮಾಡಿ ತೋರಿಸಿದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಊರೊಳಗಿನ ಮನೆ, ಹಿತ್ತಲುಗಳ ಗಡಿಗೆ ಸುಣ್ಣದ ಗೆರೆ ಎಳೆದು, ಭಾರತೀಯ ಸರ್ವೇಕ್ಷಣಾ ಇಲಾಖೆಯ ಡ್ರೋನ್ ಮೇಲಿನಿಂದ ಚಿತ್ರ ತೆಗೆದು, ಅದರಿಂದ ಆಸ್ತಿಯ ನಕ್ಷೆ ಮಾಡುವ ಕ್ರಮ ಅದು. ಒಂದು ಚಿತ್ರ ಇನ್ನೊಂದರ ಮೇಲೆ ಮುಕ್ಕಾಲು ಭಾಗ ಹಾಯುವಂತೆ ನೂರಾರು ಚಿತ್ರ ತೆಗೆದರೆ, ಗಣಕಯಂತ್ರ ಅವನ್ನು ಹೊಲಿದು ಒಂದೇ ನಕ್ಷೆ ಮಾಡುತ್ತದೆ. 100 ಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ ನೆಲದ ಸುಮಾರು 3 ಸೆಂಟಿಮೀಟರ್. ಇದೇ ವಿಧಾನದಲ್ಲಿ ಕಟ್ಟಡಗಳ ಮೂರು ಆಯಾಮದ ಮಾದರಿಯೂ ಆಗುತ್ತದೆ. ಅರಳಗುಪ್ಪೆಗೆ ಬರುವವರು 9ನೇ ಶತಮಾನದ ಕಲ್ಲೇಶ್ವರ ಗುಡಿಯ ಒಳಗೆ ಹೋಗಿ, ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನ ಛತ್ತನ್ನು ನೋಡಿ ಬೆರಗಾಗುತ್ತಾರೆ. ಅದಕ್ಕೆ ಡ್ರೋನ್ ಬೇಡ, ಕತ್ತೆತ್ತಿದರೆ ಸಾಕು. ಆದರೆ ಅದೇ ಊರಿನ ಹೊಯ್ಸಳ ಚೆನ್ನಕೇಶವ ಗುಡಿಯ ಶಿಖರದ ಮೇಲೆ ಎಲ್ಲಿ ಕಲ್ಲು ಸಡಿಲವಾಗಿದೆ, ಎಲ್ಲಿ ಗಿಡ ಬೇರುಬಿಟ್ಟಿದೆ ಎಂದು ಅಟ್ಟಣೆ ಕಟ್ಟದೆ ತಿಳಿಯಲು ಡ್ರೋನ್‌ಗಿಂತ ಒಳ್ಳೆಯ ಸಾಧನವಿಲ್ಲ. ಸಂರಕ್ಷಿತ ಸ್ಮಾರಕಗಳ ಮೇಲೆ ಇಲಾಖೆಯ ಅನುಮತಿಯಿಲ್ಲದೆ ಹಾರಿಸುವಂತಿಲ್ಲ ಎನ್ನುವುದು ನೆನಪಿರಲಿ.

ಅನುಮತಿಯ ಮಾತು ಬಂದದ್ದರಿಂದ ಕಾನೂನನ್ನೂ ಹೇಳಿಬಿಡುತ್ತೇನೆ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ತೂಕದ ಮೇಲೆ ಐದು ವರ್ಗ ಮಾಡಿವೆ. 250 ಗ್ರಾಂವರೆಗೆ ನ್ಯಾನೊ, 2 ಕಿಲೋವರೆಗೆ ಮೈಕ್ರೊ, 25 ಕಿಲೋವರೆಗೆ ಸಣ್ಣದು, 150 ಕಿಲೋವರೆಗೆ ಮಧ್ಯಮ, ಅದರ ಮೇಲಿನದು ದೊಡ್ಡದು. ಕೃಷಿ ಡ್ರೋನ್‌ಗಳು ಹೆಚ್ಚಾಗಿ ಸಣ್ಣ ವರ್ಗದವು. ಅವನ್ನು ಹಾರಿಸಲು ಹತ್ತನೇ ತರಗತಿ ಪಾಸಾದ, 18 ತುಂಬಿ 65 ಮೀರದವರು ಮಾನ್ಯತೆ ಪಡೆದ ಶಾಲೆಯಲ್ಲಿ ಕಲಿತು ಪೈಲಟ್ ಪ್ರಮಾಣಪತ್ರ ಪಡೆಯಬೇಕು. ಡ್ರೋನ್‌ಗೆ ನೋಂದಣಿ ಸಂಖ್ಯೆ ಇರಬೇಕು. ದೇಶದ ನಕ್ಷೆಯನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಿದ್ದಾರೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಪ್ರತಿ ಸಲ ಅನುಮತಿ ಕೇಳಬೇಕಿಲ್ಲ, ಕೆಂಪು ವಲಯದಲ್ಲಿ ಕೇಂದ್ರದ ಒಪ್ಪಿಗೆ ಇಲ್ಲದೆ ಹಾರುವಂತಿಲ್ಲ.

ಹತ್ತನೇ ತರಗತಿ ಸಾಕು ಎಂಬ ಮಾತನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಡ್ರೋನ್ ದೀದಿ ಯೋಜನೆ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಬೆಲೆಯಲ್ಲಿ ಶೇ. 80, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ, 15 ದಿನದ ತರಬೇತಿ. 2025ರ ಸೆಪ್ಟೆಂಬರಿನಿಂದ ಡ್ರೋನ್ ಮೇಲಿನ ಜಿಎಸ್‌ಟಿಯೂ ಶೇ. 5ಕ್ಕೆ ಇಳಿದಿದೆ. ಆದರೆ ಈ ಯೋಜನೆಯ ಒಲವು ಗೊಬ್ಬರ, ಔಷಧಗಳ ಸಿಂಪಡಣೆಯ ಕಡೆಗೇ. ನಮ್ಮ ಸಂಘಗಳಿಗೆ ಸಿಂಪಡಣೆಯ ಯಂತ್ರದ ಜೊತೆ ಒಂದು ಒಳ್ಳೆಯ ಕ್ಯಾಮೆರಾ ಡ್ರೋನೂ, ಚಿತ್ರ ಓದುವ ತರಬೇತಿಯೂ ಸಿಗಬೇಕು. ಊರಿನ ಎಲ್ಲ ತೋಟಗಳನ್ನೂ ವರ್ಷಕ್ಕೆರಡು ಸಲ ಮೇಲಿನಿಂದ ನೋಡಿ, ಯಾವ ಸರ್ವೆ ನಂಬರಿನಲ್ಲಿ ಯಾವ ಮರ ಸೊರಗಿದೆ ಎಂದು ಪಟ್ಟಿ ಕೊಡುವ ಸಂಘಕ್ಕೆ ಕೆಲಸದ ಕೊರತೆ ಬಾರದು. ಹುಳು ಬೇಲಿ ನೋಡಿ ನಿಲ್ಲುವುದಿಲ್ಲ, ಒಬ್ಬರ ತೋಟ ಮಾತ್ರ ನೋಡಿದರೆ ಉಪಯೋಗ ಅರ್ಧ.

ಇಷ್ಟು ಓದಿದ ನಿಮ್ಮಲ್ಲಿ ಕೆಲವರು ಈ ವರ್ಷವೇ ತೋಟಕ್ಕೆ ಡ್ರೋನ್ ಕರೆಸಬಹುದು. ಕರೆಸುವ ಮುಂಚೆ ಪೈಲಟ್ ಪ್ರಮಾಣಪತ್ರವನ್ನೂ ಯಂತ್ರದ ನೋಂದಣಿ ಸಂಖ್ಯೆಯನ್ನೂ ವಿಮೆಯನ್ನೂ ಕೇಳಿ ನೋಡಿ. ಕೊಳ್ಳುವುದಾದರೆ ರಿಪೇರಿ ಎಲ್ಲಿ, ಬ್ಯಾಟರಿಗೆ ಎಷ್ಟು, ಒಡೆದ ಪಂಕ ಎಷ್ಟು ದಿನದಲ್ಲಿ ಬರುತ್ತದೆ ಎಂದು ಕಂಪನಿಯವರಿಂದ ಬರೆಸಿಕೊಳ್ಳಿ. ಮೊದಲ ಹಾರಾಟ ಚಿತ್ರ ತೆಗೆಯುವುದಕ್ಕೇ ಇರಲಿ. ಆ ಚಿತ್ರಗಳನ್ನು ಹಿಡಿದು ಕೊನೇಹಳ್ಳಿಗೋ ತೋಟಗಾರಿಕೆ ಇಲಾಖೆಗೋ ಹೋಗಿ. ಸಿಂಪಡಿಸಲೇಬೇಕು ಎಂದು ಅವರು ಹೇಳಿದರೆ, ಗಾಳಿಯಿಲ್ಲದ ಬೆಳಗಿನ ಹೊತ್ತು ಆರಿಸಿ, ಬಾವಿ ತೊಟ್ಟಿಗಳನ್ನು ಮುಚ್ಚಿ, ದನಕರುಗಳನ್ನು ಬೇರೆ ಕಡೆ ಕಟ್ಟಿ, ರೇಷ್ಮೆ ಮತ್ತು ಜೇನು ಸಾಕುವ ನೆರೆಯವರಿಗೆ ಹಿಂದಿನ ದಿನವೇ ತಿಳಿಸಿ.